ಇಡೀ ದಿನಕ್ಕೆ ನಾಲ್ಕೇ ಹಾಳೆ

ಮೂಡುಬಿದಿರೆಗೆ ಬಂದವರು ಹೆಚ್ಚಾಗಿ ಒಂದು ಗಂಟೆಯಲ್ಲಿ ಸಾವಿರ ಕಂಬದ ಬಸದಿ ಮುಗಿಸುತ್ತಾರೆ. ಮಾನಸ್ತಂಭದ ಎದುರು ಒಂದು ಸೆಲ್ಫಿ, ಒಳಗೆ ಚಂದ್ರನಾಥ ಸ್ವಾಮಿಗೆ ಒಂದು ನಮಸ್ಕಾರ. ಆಮೇಲೆ ಕಾರ್ಕಳಕ್ಕೋ ಧರ್ಮಸ್ಥಳಕ್ಕೋ ಕಾರು ಹೊರಟಾಯಿತು. ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ರಜೆಗೆ ಬಂದಾಗ ನಾನೂ ಅಪ್ಪನೂ ಆ ಊರಲ್ಲಿ ಬೆಳಗ್ಗಿಂದ ಸಂಜೆವರೆಗೆ ಇದ್ದೆವು. ಬಿ.ಸಿ. ರೋಡಿನಿಂದ ಸಿದ್ಧಕಟ್ಟೆ ದಾರಿಯ ಬಸ್ಸು. ಚೀಲದಲ್ಲಿ ಒಂದು ಸ್ಕೆಚ್‌ಬುಕ್, ಎರಡು ಪೆನ್ಸಿಲ್, ಒಂದು ಬಾಟ್ಲಿ ನೀರು.

ಅಪ್ಪ ಡ್ರಾಯಿಂಗ್ ಮಾಸ್ಟ್ರು. ಬಂಟ್ವಾಳ ತಾಲ್ಲೂಕಿನ ಶಾಲೆಗಳಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಹೂದಾನಿ, ತೆಂಗಿನಮರ, ಗಾಂಧಿ ತಾತ ಕಲಿಸಿ ನಿವೃತ್ತರಾದವರು. ಎರಡು ವರ್ಷದಿಂದ ಅವರ ಬಲಗೈ ನಡುಗುತ್ತದೆ. ಪಾರ್ಕಿನ್ಸನ್ ಅಂತ ಡಾಕ್ಟ್ರು ಹೇಳಿದ್ದಾರೆ. ಮನೆಯಲ್ಲಿ ಈಗ ಅವರಿಗೆ ಚಾ ಅರ್ಧ ಗ್ಲಾಸು ಮಾತ್ರ, ಚೆಲ್ಲಬಾರದು ಅಂತ. ಪೆನ್ಸಿಲ್ ಮುಟ್ಟುವುದನ್ನು ಯಾವತ್ತು ಬಿಟ್ಟರೋ ನಮಗೆ ತಿಳಿಯಲೇ ಇಲ್ಲ, ಅವರೂ ಆ ಮಾತು ಎತ್ತಲಿಲ್ಲ. “ನೀನು ಬರಿ, ನಾನು ಪಕ್ಕದಲ್ಲಿ ಕೂತ್ಕೊಳ್ತೇನೆ” ಎಂಬ ಶರತ್ತಿನ ಮೇಲೆ ಹೊರಟದ್ದು. ನನ್ನ ಚಿತ್ರಕಲೆ ಅಷ್ಟಕ್ಕಷ್ಟೇ. ದಿನವಿಡೀ ಎಕ್ಸೆಲ್ ಶೀಟಿನ ಚೌಕ ತುಂಬಿಸುವ ಕೆಲಸ ನನ್ನದು.

ಬಸದಿ ಕಟ್ಟಿದ್ದು 1430ರಲ್ಲಿ. ಇಲ್ಲಿ ಒಂದು ಕಂಬದ ಹಾಗೆ ಇನ್ನೊಂದು ಕಂಬ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅದು ಹೌದಾ ಅಲ್ಲವಾ ಅಂತ ನೋಡಲಿಕ್ಕೆ ಒಂದು ಒಳ್ಳೆಯ ಉಪಾಯ ಉಂಟು: ಎರಡು ಕಂಬಗಳನ್ನು ಅಕ್ಕಪಕ್ಕ ಬರೆಯುವುದು. ಬರೆಯಲು ಕೂತ ಮೇಲೆಯೇ ಗೊತ್ತಾದದ್ದು, ಒಂದರಲ್ಲಿ ಬಳ್ಳಿ ಇದ್ದ ಜಾಗದಲ್ಲಿ ಇನ್ನೊಂದರಲ್ಲಿ ಹಗ್ಗ ಹೆಣೆದಂಥ ಗಂಟು. ಆ ಗಂಟಿನ ಒಂದು ಎಳೆ ಎಲ್ಲಿ ಒಳಗೆ ಹೋಗಿ ಎಲ್ಲಿ ಹೊರಗೆ ಬರುತ್ತದೆ ಎಂದು ಹುಡುಕುವುದರಲ್ಲೇ ಅರ್ಧ ಗಂಟೆ ಹೋಯಿತು.

“ಹೂವು ಆಮೇಲೆ ಬರಿ. ಮೊದಲು ಕಂಬ ಎಷ್ಟು ದಪ್ಪ ಉಂಟು ನೋಡು” ಎಂದರು ಅಪ್ಪ.

ಶಾಲೆಗೆ ರಜೆ ಇದ್ದ ಹುಡುಗನೊಬ್ಬ ಹಿಂದೆ ಬಂದು ನಿಂತ. “ದಾದ ಬರೆಪುನಿ?” ಏನು ಬರೆಯುವುದು ಅಂತ. ಕಂಬ ಎಂದೆ. ಅವನು ಹಾಳೆ ನೋಡಿದ, ಕಂಬ ನೋಡಿದ, ಏನೂ ಹೇಳದೆ ಹೋದ. ಅಪ್ಪ ನಕ್ಕು 10ಕ್ಕೆ 4 ಅಂಕ ಕೊಟ್ಟರು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಅಂಕ ಕೊಡುವ ಚಾಳಿ ಹೋಗಿಲ್ಲ!

ಜಗಲಿಯ ಕೆಳಪಟ್ಟಿಯನ್ನು ಬಗ್ಗಿ ನೋಡಿ. ಅಲ್ಲಿ ಜಿರಾಫೆಯಂಥ ಪ್ರಾಣಿ, ಚೀನಾದ ಡ್ರ್ಯಾಗನ್ ಕೆತ್ತಿದ್ದಾರೆ. ಕರಾವಳಿಯ ಬಂದರುಗಳಿಗೆ ಬರುತ್ತಿದ್ದ ಹಡಗುಗಳ ಜೊತೆ ಈ ಸುದ್ದಿಗಳೂ ಬಂದಿರಬೇಕು ಎನ್ನುತ್ತಾರೆ. ಅಂಗಳಕ್ಕೆ ಇಳಿದು ಮಾಡನ್ನು ಬರೆದದ್ದು ಎರಡನೆಯ ಹಾಳೆ. ಒಂದರ ಮೇಲೊಂದು ಇಳಿಜಾರಾಗಿ ನಿಂತ ಈ ಮಾಡು ನೇಪಾಳದ ಕಟ್ಟಡಗಳನ್ನು ನೆನಪಿಸುತ್ತದೆ ಎಂದು 19ನೇ ಶತಮಾನದಲ್ಲಿ ಜೇಮ್ಸ್ ಫರ್ಗುಸನ್ ಬರೆದಿದ್ದ. ಫೋನಿನಲ್ಲಿ ಓದಿದ್ದನ್ನು ಅಪ್ಪನಿಗೆ ಹೇಳಿದೆ. “ನೇಪಾಳ ಎಂಥದ್ದು ಮಾರಾಯ್ತಿ, ನಮ್ಮ ಮಳೆಗೆ ಬೇರೆ ನಮೂನೆ ಮಾಡು ಹಾಕಿದ್ರೆ ಸೋರುದಿಲ್ವಾ?” ನನಗೂ ಅಪ್ಪನ ವಾದವೇ ಸರಿ ಕಂಡಿತು. ಮಾಡಿಗೆ 6 ಅಂಕ.

ಊಟ ಮುಗಿಸಿ ಚೌಟರ ಅರಮನೆಗೆ ಹೋದೆವು. ಉಳ್ಳಾಲದ ರಾಣಿ ಅಬ್ಬಕ್ಕನ ವಂಶ ಇದೇ ಚೌಟರದ್ದು. ಅಲ್ಲಿಯ ಮರದ ಕಂಬಗಳಲ್ಲಿ ನವನಾರಿ ಕುಂಜರ, ಪಂಚನಾರಿ ತುರಗ ಕೆತ್ತಿದ್ದಾರೆ: ಒಂಬತ್ತು ಹೆಂಗಸರು ಸೇರಿ ಒಂದು ಆನೆ, ಐವರು ಸೇರಿ ಒಂದು ಕುದುರೆ. ಕುದುರೆಯನ್ನು ಬರೆಯಹೋದರೆ ಯಾರ ಕಾಲು ಯಾರದ್ದು ಎಂದೇ ತಿಳಿಯದು. ಐದನೆಯವಳು ನನ್ನ ಹಾಳೆಯಲ್ಲಿ ಸಿಗಲೇ ಇಲ್ಲ. ಮತ್ತೆ ಗುರು ಬಸದಿಯ ಹೊರಗೆ ಸ್ವಲ್ಪ ಹೊತ್ತು ಕೂತೆವು. ಧವಲಾ, ಜಯಧವಲಾ ಗ್ರಂಥಗಳ ಕನ್ನಡ ಲಿಪಿಯ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ ಬಸದಿ ಅದು. “ತಾಳೆಗರಿಯಲ್ಲಿ ಕಂಠದಿಂದ ಕೊರೆದು ಬರೆಯುವುದು. ಒಮ್ಮೆ ಕೊರೆದರೆ ಮುಗೀತು, ರಬ್ಬರ್ ಇಲ್ಲ” ಎಂದರು ಅಪ್ಪ. ಹೇಳುವಾಗ ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು.

ನಾಲ್ಕು ಗಂಟೆಗೆ ಗೋಳಿಬಜೆ, ಚಾ. ಹೋಟೆಲಿನವರು ಚಾವನ್ನು ಗ್ಲಾಸಿನ ಕಂಠದವರೆಗೆ ತುಂಬಿ ತಂದರು. ಅಪ್ಪ ನನ್ನ ಮುಖ ನೋಡಿದರು, ನಾನು ಅರ್ಧವನ್ನು ನನ್ನ ಗ್ಲಾಸಿಗೆ ಬಗ್ಗಿಸಿಕೊಂಡೆ.

ಕೊಡಂಗಲ್ಲಿಗೆ ರಿಕ್ಷಾದಲ್ಲಿ ಹೋದೆವು. ಅಲ್ಲಿ ಜೈನ ಗುರುಗಳ ಸಮಾಧಿಗಳಿವೆ, ನಿಷಿಧಿ ಎನ್ನುತ್ತಾರೆ. ಮುರಕಲ್ಲಿನ ಅಂತಸ್ತುಗಳು ಮೇಲೆ ಹೋದ ಹಾಗೆ ಸಣ್ಣದಾಗುತ್ತಾ ನಿಂತಿವೆ. ನಾವು ಹೋದ ಹೊತ್ತಿಗೆ ಅಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಹಾಳೆ ತಿರುಗಿಸಿ ನೆಟ್ಟಗೆ ಒಂದು ಗೆರೆ ಎಳೆದೆ, ಅದರ ಕೆಳಗೆ ಇನ್ನೊಂದು.

“ಹಾಗಲ್ಲ. ಮುರಕಲ್ಲಿಗೆ ಸ್ಕೇಲಿಟ್ಟ ಹಾಗೆ ಗೆರೆ ಎಳೆದ್ರೆ ಆಗ್ಲಿಕ್ಕಿಲ್ಲ. ಅದರ ಅಂಚು ನೋಡು, ತಿಂದುಹೋದ ಹಾಗೆ ಉಂಟು.”

ಇನ್ನೊಮ್ಮೆ ಎಳೆದೆ. ಅದೂ ನೆಟ್ಟಗೇ ಬಂತು. ಅಪ್ಪ ಕೈ ಚಾಚಿದರು. ಪೆನ್ಸಿಲ್ ಕೊಟ್ಟು ನಾನು ಬೇಕೆಂದೇ ಆಚೆ ತಿರುಗಿ ಕೂತೆ. ಕಾಗದದ ಮೇಲೆ ಸೀಸ ತಡೆತಡೆದು ಉಜ್ಜುವ ಸದ್ದು ಮಾತ್ರ ಕೇಳಿಸುತ್ತಿತ್ತು. ನಡುವೆ ಎರಡು ಸಲ ಪೆನ್ಸಿಲ್ ಬಿತ್ತು. ಅವರೇ ಹೆಕ್ಕಿಕೊಂಡರು.

ತಿರುಗಿ ನೋಡುವಾಗ ಹಾಳೆಯಲ್ಲಿ ಐದು ಅಂತಸ್ತು ಎದ್ದಿತ್ತು. ಒಂದು ಗೆರೆಯೂ ನೆಟ್ಟಗಿಲ್ಲ. ಕೈ ನಡುಗಿದಲ್ಲೆಲ್ಲ ಕಲ್ಲಿನ ಅಂಚು ಹೇಗೆ ಸವೆದಿತ್ತೋ ಹಾಗೇ ಬಂದಿತ್ತು. ಬಲಬದಿಯ ಮೂಲೆಯಲ್ಲಿ ಹಳೇ ಅಭ್ಯಾಸದಂತೆ ತಾರೀಕು ಹಾಕಿದ್ದರು. ಅಂಕಿಗಳು ಓದಲಿಕ್ಕೆ ಸ್ವಲ್ಪ ಕಷ್ಟ.

“ಇದಕ್ಕೆ ಎಷ್ಟು ಅಂಕ?” ಕೇಳಿದೆ.

ಅಪ್ಪ ಪೆನ್ಸಿಲನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು ಎದ್ದರು. “ನಡಿ, ಆರೂವರೆ ಬಸ್ಸು ತಪ್ಪಿದ್ರೆ ಮತ್ತೆ ಸೀಟು ಸಿಕ್ಕುದಿಲ್ಲ.”