ಮೂರು ನದಿಗಳ ತವರಿನಲ್ಲಿ ಒಂದು ದಿನ

ಕಾರ್ಕಳ ಬಿಟ್ಟು ಬಜಗೋಳಿ, ಮಾಳ ದಾಟುತ್ತಿದ್ದಂತೆ ರಸ್ತೆ ಘಟ್ಟ ಏರತೊಡಗುತ್ತದೆ. ತೆಂಗು, ಅಡಿಕೆ ತೋಟಗಳು ಹಿಂದೆ ಉಳಿದು ಎರಡೂ ಬದಿಗೆ ದಟ್ಟ ಕಾಡು ಕವಿಯುತ್ತದೆ. ಇನ್ನೂ ಮೇಲೇರಿದರೆ ಹುಲ್ಲು ಹೊದ್ದ ಗುಡ್ಡಗಳ ಸಾಲು. ಇದು ಕುದುರೆಮುಖ ರಾಷ್ಟ್ರೀಯ ಉದ್ಯಾನ. ಕುದುರೆಯ ಮೋರೆಯಂತೆ ಕಾಣುವ, ಸುಮಾರು 1,894 ಮೀಟರ್ ಎತ್ತರದ ಶಿಖರವೇ ಇದಕ್ಕೆ ಹೆಸರು ಕೊಟ್ಟಿದೆ.

ಕದಂಬಿ ಜಲಪಾತ ರಸ್ತೆಯ ಪಕ್ಕದಲ್ಲೇ ಧುಮುಕುತ್ತದೆ. ಹನುಮನಗುಂಡಿಗೆ ಮಾತ್ರ ಮೆಟ್ಟಿಲಿಳಿದು ಹೋಗಬೇಕು. ಬಂಡೆಯಿಂದ ಬಂಡೆಗೆ ಹಾರಿ ಬರುವ ನೀರಿನ ಮುಂದೆ ನಿಂತಾಗ ಮಕ್ಕಳನ್ನು ಒಂದು ಪ್ರಶ್ನೆ ಕೇಳಿ: ಮಳೆ ನಿಂತು ತಿಂಗಳುಗಳಾದರೂ ಈ ನೀರು ಎಲ್ಲಿಂದ ಬರುತ್ತದೆ?

ಉತ್ತರ ಎದುರಿನ ಗುಡ್ಡದಲ್ಲೇ ಇದೆ. ನೆತ್ತಿಯ ಮೇಲೆ ಹುಲ್ಲು, ಕಣಿವೆಗಳಲ್ಲಿ ಮರಗಳು ಒತ್ತಾಗಿ ಬೆಳೆದ ಶೋಲಾ ಕಾಡು. ಮಳೆಗಾಲದ ನೀರನ್ನು ಇವೆರಡೂ ಹೀರಿಕೊಂಡು ತೊಟ್ಟು ತೊಟ್ಟಾಗಿ ಹೊಳೆಗೆ ಬಿಡುತ್ತವೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದು ಇಲ್ಲಿನ ಗಂಗಾಮೂಲದಲ್ಲಿ. ಪಶ್ಚಿಮಕ್ಕೆ ಬೆಟ್ಟದ ಅಂಚು ಗೋಡೆಯಂತೆ ಕಡಿದು ಕರಾವಳಿಗೆ ಇಳಿದಿದೆ. ನೇತ್ರಾವತಿ ಅತ್ತ ಹರಿದು ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ತುಂಗಾ, ಭದ್ರಾ ಪೂರ್ವಕ್ಕೆ ತಿರುಗಿ, ಕೂಡಲಿಯಲ್ಲಿ ಒಂದಾಗಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತವೆ. ಒಂದೇ ಬೆಟ್ಟದ ನೀರು ಎರಡು ಕಡಲಿಗೆ! ಶಾಲೆಯ ಭೂಪಟವೊಂದು ಚೀಲದಲ್ಲಿದ್ದರೆ ಪಾಠ ಅಲ್ಲೇ ಮುಗಿಯುತ್ತದೆ.

ಈ ಬೆಟ್ಟಕ್ಕೆ ಇನ್ನೊಂದು ಕಥೆಯೂ ಇದೆ. ಇಲ್ಲಿನ ಕಬ್ಬಿಣದ ಅದಿರನ್ನು ತೆಗೆಯಲು 1976ರಲ್ಲಿ ಸರ್ಕಾರಿ ಕಂಪನಿಯೊಂದು ಹುಟ್ಟಿತು. ಅದಿರು ಕೊಳವೆಯಲ್ಲಿ ಮಂಗಳೂರಿಗೆ ಇಳಿಯಿತು. ಉಳಿದ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿತು. ಉಲ್ಲಾಸ ಕಾರಂತರು ನಡೆಸಿದ ಸಿಂಗಳೀಕಗಳ ಸಮೀಕ್ಷೆಯ ಬಳಿಕ, 1987ರಲ್ಲಿ ಈ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಭದ್ರೆಗೆ ಹೂಳು ಸೇರುತ್ತಿದೆ ಎಂಬ ಕೂಗೂ ಎದ್ದಿತು. 2002ರ ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಗಣಿಯನ್ನೇ ನಂಬಿದ್ದ ಊರು ಬರಿದಾಯಿತು. ನದಿಯೋ ದುಡಿಮೆಯೋ ಎಂಬ ಪ್ರಶ್ನೆ ಸುಲಭದ್ದಲ್ಲ. ಆದರೆ ಅದಿರು ಒಂದು ದಿನ ಮುಗಿಯುವಂಥದು. ಗುಡ್ಡ ಉಳಿದರೆ ನೀರು ವರ್ಷವರ್ಷವೂ ಬರುತ್ತದೆ. ವಾದ ಎರಡನ್ನೂ ಮಕ್ಕಳ ಮುಂದಿಡಿ, ಅವರೇ ಯೋಚಿಸಲಿ.

ಮಳೆಗಾಲ ಮುಗಿದ ಕೂಡಲೇ, ಹೊಳೆಗಳಲ್ಲಿ ಇನ್ನೂ ನೀರಿರುವಾಗ ಹೋಗುವುದು ಒಳ್ಳೆಯದು. ಮಳೆಯಲ್ಲಿ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ, ಇಂಬಳಗಳ ಕಾಟವೂ ಉಂಟು. ಒಳಗಿನ ಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಬುತ್ತಿ, ಕುಡಿಯುವ ನೀರು ಜೊತೆಗಿರಲಿ. ಕೋತಿಗಳಿಗೆ ತಿಂಡಿ ಎಸೆಯಬೇಡಿ. ಕಟ್ಟಿಕೊಂಡು ಹೋದ ಪ್ಲಾಸ್ಟಿಕ್ಕು ನಿಮ್ಮೊಂದಿಗೇ ಘಟ್ಟ ಇಳಿಯಲಿ. ಇಲ್ಲಿ ಬಿಟ್ಟದ್ದೆಲ್ಲ ಕೆಳಗಿನ ಊರುಗಳ ಕುಡಿಯುವ ನೀರಿಗೇ ಹೋಗುತ್ತದೆ.