ಸಾಹೇಬರ ಸಂಬಳ

ನಮ್ಮ ಬೆಳಗೋಡಿನ ನೆರೆಮನೆಯಾಕೆಯದು ರಸ್ತೆಗೆ ಹೋದ ಕಾಫಿ ತೋಟದ ಪರಿಹಾರದ ಕೇಸು. ಸಕಲೇಶಪುರದ ಕೋರ್ಟಿಗೆ ಅಲೆದು ಬಂದವಳು ಒಂದು ಸಂಜೆ ಕೇಳಿದಳು: "ಅಕ್ಕಾ, ಜಡ್ಜ್ ಸಾಹೇಬ್ರಿಗೆ ಸಂಬಳ ಕೊಡೋರು ಯಾರು?"

"ಸರ್ಕಾರ" ಎಂದೆ.

"ನಮ್ ಕೇಸಿರೋದೂ ಸರ್ಕಾರದ ಮೇಲೇ ಅಲ್ವಾ?"

ಓದಿಕೊಂಡವರಿಗೂ ತಟ್ಟನೆ ಹೊಳೆಯದ ಪ್ರಶ್ನೆ. ತೋಟದ ರೈಟರನ ಸಂಬಳವನ್ನು ಸಾಹುಕಾರರು ಗೊತ್ತುಮಾಡುತ್ತಾರೆ, ಸರಿ. ಆದರೆ ಸಾಹುಕಾರರಿಗೂ ಆಳುಗಳಿಗೂ ಜಗಳ ಬಂದಾಗ ಅದೇ ರೈಟರನನ್ನು ಪಂಚಾಯ್ತಿಗೆ ಕೂರಿಸಿದರೆ ಆಳಿನ ಮಾತು ನಡೆದೀತೇ?

ಕೆಳಗಿನ ಕೋರ್ಟುಗಳ ನ್ಯಾಯಾಧೀಶರ ಸಂಬಳವನ್ನು ಬಹುಕಾಲ ಆಯಾ ರಾಜ್ಯ ಸರ್ಕಾರಗಳೇ ನಿಗದಿ ಮಾಡುತ್ತಿದ್ದವು. ಅಖಿಲ ಭಾರತ ನ್ಯಾಯಾಧೀಶರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. ನ್ಯಾಯಾಧೀಶರನ್ನು ಉಳಿದ ಸರ್ಕಾರಿ ನೌಕರರ ಜೊತೆ ತೂಗಬಾರದು ಎಂದು 1993ರಲ್ಲಿ ಕೋರ್ಟು ಹೇಳಿತು. 1996ರ ಮಾರ್ಚಿನಲ್ಲಿ ಮೊದಲ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗ ಬಂತು. ಅಧ್ಯಕ್ಷರು ನಮ್ಮ ಕರ್ನಾಟಕದವರೇ, ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ. ಕೋರ್ಟಿನ ಗುಮಾಸ್ತರ ಬಾಯಲ್ಲಿ ಅದು ಬರೀ 'ಶೆಟ್ಟಿ ಕಮಿಷನ್'. ವರದಿ ಬಂದದ್ದು 1999ರಲ್ಲಿ, ಸುಪ್ರೀಂ ಕೋರ್ಟು ಅದರ ಬಹುಪಾಲನ್ನು ಒಪ್ಪಿದ್ದು 2002ರಲ್ಲಿ. ಹೊಸದಾಗಿ ಸೇರುವ ಸಿವಿಲ್ ನ್ಯಾಯಾಧೀಶರ ಮೂಲವೇತನ ಆಗ 9,000 ರೂಪಾಯಿ. ನ್ಯಾಯಮೂರ್ತಿ ಪಿ. ವೆಂಕಟರಾಮ ರೆಡ್ಡಿಯವರ ಎರಡನೆಯ ಆಯೋಗ 2020ರಲ್ಲಿ ಅದನ್ನು 77,840ಕ್ಕೆ ಏರಿಸಲು ಹೇಳಿತು; 2022ರಲ್ಲಿ ಕೋರ್ಟು ಒಪ್ಪಿತು.

"ಜಡ್ಜುಗಳ ಸಂಬಳ ಜಡ್ಜುಗಳೇ ಹೇಳ್ತಾರೆ, ಜಡ್ಜುಗಳೇ ಒಪ್ತಾರೆ, ಭೇಷ್!" ಎಂದು ನಮ್ಮ ಮನೆಯವರು ಕುಹಕವಾಡುತ್ತಾರೆ. ಆ ಕುಹಕದಲ್ಲಿ ಸ್ವಲ್ಪ ಹುರುಳಿದೆ. ಆದರೆ ಬೀಗದ ಕೈ ಈಗಲೂ ಖಜಾನೆಯವರದೇ. ಕೋರ್ಟು ಒಪ್ಪಿದ ಬಾಕಿ ಕೊಡಿಸಲು 2024ರಲ್ಲಿ ಹಲವು ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳನ್ನೇ ಕರೆಸಬೇಕಾಯಿತು. ನ್ಯಾಯ ಹೇಳುವವರೇ ತಮ್ಮ ಸಂಬಳಕ್ಕೆ ಸರ್ಕಾರದ ಎದುರು ವಾದಿಯಾಗಿ ನಿಲ್ಲುವುದು ನನಗಂತೂ ಚೆನ್ನಾಗಿ ಕಾಣುವುದಿಲ್ಲ. ಆಯೋಗವೊಂದು ಕಾಯಂ ಆಗಿದ್ದು, ಇಷ್ಟು ವರ್ಷಕ್ಕೊಮ್ಮೆ ತಾನಾಗಿ ಲೆಕ್ಕ ನೋಡುವಂತಿದ್ದರೆ ಯಾರೂ ಯಾರ ಮುಖ ನೋಡಬೇಕಿರಲಿಲ್ಲ.

ಹೈಕೋರ್ಟಿನವರಿಗೆ ಆ ಆಯೋಗವೂ ಇಲ್ಲ. ಅವರ ಸಂಬಳಕ್ಕೆ ಸಂಸತ್ತೇ ಕಾನೂನು ಮಾಡಬೇಕು. ಅಧಿಕಾರದಲ್ಲಿರುವ ನ್ಯಾಯಮೂರ್ತಿಯ ಸಂಬಳವನ್ನು ಇಳಿಸುವಂತಿಲ್ಲ ಎಂದು ಸಂವಿಧಾನ ಕಾವಲು ಹಾಕಿದೆ. ಏರಿಸದೆ ಕೂತರೆ ಕೇಳುವವರಿಲ್ಲ. 1950ರಲ್ಲಿ ತಿಂಗಳಿಗೆ 3,500 ರೂಪಾಯಿ ಇದ್ದದ್ದು 1986ರವರೆಗೂ ಹಾಗೆಯೇ ಇತ್ತು. ಆ 36 ವರ್ಷಗಳಲ್ಲಿ ಅಕ್ಕಿಯ ಬೆಲೆ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಮನೆ ನಡೆಸುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ.