ಗುರುವಾರದ ಸಭೆ, ದಸರಾ ರಜೆಯ ಶಿಬಿರ

ಎಂಬತ್ತರ ದಶಕದಲ್ಲಿ ನಮ್ಮೂರಿನ ರೋಟರಿ ಕ್ಲಬ್ಬಿಗೆ ಯಾರೂ ತಾವಾಗಿ ಹೋಗಿ ಸೇರುವಂತಿರಲಿಲ್ಲ. ಇದ್ದ ಸದಸ್ಯರೊಬ್ಬರು ಹೆಸರು ಸೂಚಿಸಬೇಕು, ಉಳಿದವರು ಒಪ್ಪಬೇಕು, ಆಮೇಲೆ ಅವರೇ ಬಂದು ಕರೆಯಬೇಕು. ಜೊತೆಗೆ ಒಂದು ಕಸುಬಿಗೆ ಒಬ್ಬರು ಎಂಬ ನಿಯಮ ಬೇರೆ. 1905ರ ಫೆಬ್ರವರಿ 23ರಂದು ಷಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಸ್ನೇಹಿತರೊಡನೆ ಕೂತು ಶುರುಮಾಡಿದ ಕೂಟದ ಹಳೆಯ ಕಟ್ಟಳೆ ಅದು. ಶಿವಮೊಗ್ಗ ಜಿಲ್ಲೆಯ ನಮ್ಮ ತಾಲ್ಲೂಕು ಕೇಂದ್ರದಲ್ಲಿ ಅದರ ಪ್ರಕಾರ ಅಡಿಕೆ ಮಂಡಿಯವರು, ಬಟ್ಟೆ ಅಂಗಡಿಯವರು, ಅಕ್ಕಿ ಗಿರಣಿಯವರು, ಲಾರಿ ಮಾಲೀಕರು, ವಕೀಲರು, ಡಾಕ್ಟರು ಎಲ್ಲ ಇದ್ದರು. ಮುದ್ರಣದವರ ಜಾಗ ಖಾಲಿ ಇತ್ತು. ಕ್ಲಬ್ಬಿನ ಕರಪತ್ರ, ರಸೀದಿ ಪುಸ್ತಕಗಳೆಲ್ಲ ನನ್ನ ಪ್ರೆಸ್ಸಿನಲ್ಲೇ ಅಚ್ಚಾಗುತ್ತಿದ್ದುದರಿಂದ ನನ್ನನ್ನು ಕರೆದರು.

ಪ್ರತಿ ಗುರುವಾರ ಸಂಜೆ ಸಭೆ. ಸತತವಾಗಿ ನಾಲ್ಕು ಸಭೆ ತಪ್ಪಿಸಿದರೆ ಸದಸ್ಯತ್ವಕ್ಕೇ ಸಂಚಕಾರ. ಪರಊರಿಗೆ ಹೋದವರು ಅಲ್ಲಿನ ಕ್ಲಬ್ಬಿನಲ್ಲಿ ಕೂತು, ಹಾಜರಿಯ ಚೀಟಿ ತಂದು ಕಾರ್ಯದರ್ಶಿಗೆ ಕೊಡಬೇಕಿತ್ತು. ಹೊರಗಿನವರಿಗೆ ಇದೆಲ್ಲ ಅತಿಯಾಯಿತು ಅನ್ನಿಸುತ್ತಿತ್ತು. ಆದರೆ ವಾರ ವಾರ ಮುಖ ನೋಡಿದ್ದರಿಂದಲೇ ಯಾರ ಲಾರಿ ಖಾಲಿ ನಿಂತಿದೆ, ಯಾರ ಗೋದಾಮಿನಲ್ಲಿ ಜಮಖಾನೆ ಇದೆ, ಯಾರ ಮನೆಯಲ್ಲಿ ನಲವತ್ತು ಜನಕ್ಕೆ ಗಂಜಿ ಬೇಯಿಸುವ ಹಂಡೆ ಇದೆ ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು. ಕಣ್ಣಿನ ಶಿಬಿರ ನಡೆಯುತ್ತಿದ್ದುದು ಈ ತಿಳಿವಳಿಕೆಯ ಮೇಲೆ.

ಊರೂರಿಗೆ ಹೋಗಿ ಸಾಮೂಹಿಕವಾಗಿ ಪೊರೆ ತೆಗೆಯುವ ಶಿಬಿರವನ್ನು ಕರ್ನಾಟಕದ ಹಳ್ಳಿಗಳಿಗೆ ಪರಿಚಯಿಸಿದವರು ಡಾ. ಎಂ.ಸಿ. ಮೋದಿ. 1968ರಲ್ಲಿ ಪದ್ಮಭೂಷಣ ಪಡೆದ ಆ ಹಿರಿಯರ ಹೆಸರು ಹೇಳಿದರೆ ಸಾಕು, ಅಜ್ಜಿಯರು ಹೆದರಿಕೆ ಬಿಟ್ಟು ಚೀಟಿ ಬರೆಸುತ್ತಿದ್ದರು. ಲಯನ್ಸ್ ಸಂಸ್ಥೆಯವರು 1925ರಲ್ಲಿ ಹೆಲೆನ್ ಕೆಲರ್ ಕೇಳಿಕೊಂಡಂದಿನಿಂದ ಕಣ್ಣಿನ ಕೆಲಸವನ್ನು ತಮ್ಮದೆಂದು ಹಿಡಿದವರು. ನಮ್ಮೂರಲ್ಲಿ ಅವರೂ ನಾವೂ ಸೇರಿ ದಸರಾ ರಜೆಯಲ್ಲಿ ಶಿಬಿರ ಮಾಡುತ್ತಿದ್ದೆವು. ಆ ಹೊತ್ತಿಗೆ ಮಳೆ ಹಿಂದೆಗೆದಿರುತ್ತಿತ್ತು, ಕೊಯ್ಲು ಇನ್ನೂ ಶುರುವಾಗಿರುತ್ತಿರಲಿಲ್ಲ, ಶಾಲೆಯ ಕೋಣೆಗಳೂ ಖಾಲಿ.

ಬೆಂಚುಗಳನ್ನು ಅಂಗಳಕ್ಕೆ ಹಾಕಿ, ಗೋಡೆಗೆ ಸುಣ್ಣ ಬಳಿದು, ನೆಲವನ್ನು ಫಿನಾಯಿಲ್ ಹಾಕಿ ತೊಳೆಯುತ್ತಿದ್ದೆವು. ಏಳನೇ ತರಗತಿಯ ಕೋಣೆ ಆಪರೇಷನ್ ಥಿಯೇಟರ್. ಕಿಟಕಿಗಳಿಗೆ ಬಟ್ಟೆ ಅಂಗಡಿಯವರು ಕೊಟ್ಟ ಹೊಸ ಮಲ್ಲು. ಕರೆಂಟು ನಂಬುವಂತಿರಲಿಲ್ಲ, ಹೊರಗೆ ಗಿರಣಿಯವರ ಜನರೇಟರ್ ಇರುತ್ತಿತ್ತು. ಉಪಕರಣ ಕುದಿಸಲು ಪಂಪ್ ಸ್ಟೋವ್ ಉರಿಯುತ್ತಲೇ ಇರುತ್ತಿತ್ತು. ಉಳಿದ ಕೋಣೆಗಳಲ್ಲಿ ಚಾಪೆ, ಜಮಖಾನೆ, ಅದರ ಮೇಲೆ ಸಾಲಾಗಿ ಮಲಗಿದ ರೋಗಿಗಳು.

ಆಗಿನ ಪದ್ಧತಿಯಲ್ಲಿ ಪೊರೆಗಟ್ಟಿದ ಮಸೂರವನ್ನು ಇಡಿಯಾಗಿ ಹೊರಗೆ ತೆಗೆಯುತ್ತಿದ್ದರು. ಗಾಯ ದೊಡ್ಡದು, ತಲೆ ಅಲುಗಾಡುವಂತಿಲ್ಲ. ತಲೆಯ ಎರಡೂ ಪಕ್ಕ ಮರಳು ತುಂಬಿದ ಚೀಲ ಇಡುತ್ತಿದ್ದೆವು. ಅಗಿಯುವ ಊಟ ಕೂಡದು. ಗಂಜಿ, ಹಾಲು, ನೆನೆಸಿದ ಬ್ರೆಡ್ಡು. ಕೆಮ್ಮಬಾರದು, ಬಗ್ಗಬಾರದು, ಮುಕ್ಕಿರಿಯಬಾರದು. ರಾತ್ರಿ ಪಾಳಿಗೆ ಸದಸ್ಯರು ಸರದಿಯ ಮೇಲೆ ಕೂರುತ್ತಿದ್ದೆವು, ನಿದ್ದೆಗಣ್ಣಲ್ಲಿ ಯಾರೂ ಪಟ್ಟಿಗೆ ಕೈಹಾಕದಂತೆ ನೋಡಿಕೊಳ್ಳಲು. ಒಂದು ರಾತ್ರಿ ಗೋಡೆ ಬದಿಯ ಅಜ್ಜಿ ಮೆಲ್ಲಗೆ ಕೇಳಿದರು:

“ತಮ್ಮಾ, ಬೆಳಗಾತಾ?”

“ಇಲ್ಲ ಅಮ್ಮ, ಇನ್ನೂ ಎರಡು ಗಂಟೆ. ತಲೆ ಅಲ್ಲಾಡಿಸಬೇಡಿ.”

“ಕೆಮ್ಮು ಬರೂ ಹಂಗೆ ಆಗ್ತದಲ್ಲೋ, ಏನ್ ಮಾಡ್ಲಿ?”

ಕಾಂಪೌಂಡರನ್ನು ಎಬ್ಬಿಸಿ ಔಷಧಿ ಕೊಡಿಸಿದೆ. ಕೆಮ್ಮು ಅಡಗುವವರೆಗೂ ಅವರು ನನ್ನ ಮುಂಗೈ ಹಿಡಿದೇ ಮಲಗಿದ್ದರು. ಸೇವೆ ಎಂದರೆ ಏನು ಅಂತ ನನಗೆ ಯಾರಾದರೂ ಕೇಳಿದರೆ ಆ ಕೋಣೆಯೇ ಕಣ್ಣಿಗೆ ಬರುತ್ತದೆ.

ಪಟ್ಟಿ ಬಿಚ್ಚಿದ ದಿನಕ್ಕೆ ಕೆಲಸ ಮುಗಿಯುತ್ತಿರಲಿಲ್ಲ. ಆರು ವಾರ ಕಳೆದ ಮೇಲೆ ಅವರು ಮತ್ತೆ ಬರಬೇಕು, ಪರೀಕ್ಷೆಯಾಗಬೇಕು, ಆಗ ಸೋಡಾ ಬಾಟಲಿ ತಳದಂಥ ದಪ್ಪ ಕನ್ನಡಕ ಕೊಡಬೇಕು. ಕನ್ನಡಕವಿಲ್ಲದೆ ಆಪರೇಷನ್ ಆದ ಕಣ್ಣಿಗೆ ಏನೂ ಸರಿಯಾಗಿ ಕಾಣದು. ಅದಕ್ಕಾಗಿ ನಾನು ಕಾರ್ಡುಗಳ ಮೇಲೆ ಒಕ್ಕಣೆ ಅಚ್ಚುಹಾಕಿ, ಹೆಸರು, ತಾರೀಕು ತುಂಬಲು ಜಾಗ ಬಿಟ್ಟು ಕೊಡುತ್ತಿದ್ದೆ. ಅಂಚೆಯವರೇ ಮನೆ ಬಾಗಿಲಲ್ಲಿ ನಿಂತು ಓದಿ ಹೇಳುತ್ತಿದ್ದರು. ಬಾರದವರ ಹೆಸರಿಗೆ ಕೆಂಪು ಗುರುತು ಹಾಕಿ, ಲಾರಿ ಮಾಲೀಕರ ಜೀಪಿನಲ್ಲಿ ಅವರ ಊರಿಗೇ ಹೋಗುತ್ತಿದ್ದೆವು. ಹೊಸ ಕನ್ನಡಕದಲ್ಲಿ ಎಲ್ಲವೂ ದೊಡ್ಡದಾಗಿ, ಹತ್ತಿರ ಕಾಣುತ್ತದೆ. ಲೋಟಕ್ಕೆ ಕೈಚಾಚಿದರೆ ಲೋಟ ಇನ್ನೂ ಆಚೆ ಇರುತ್ತದೆ. ಮೆಟ್ಟಿಲು ಇಳಿಯುವುದನ್ನು ಮತ್ತೆ ಕಲಿಸಬೇಕಿತ್ತು.

ತೊಂಬತ್ತರ ದಶಕದಲ್ಲಿ ಈ ಬಗೆಯ ಶಿಬಿರ ನಿಲ್ಲುತ್ತ ಬಂತು. ಶಾಲೆಯ ಕೋಣೆ ಎಷ್ಟು ತೊಳೆದರೂ ಥಿಯೇಟರ್ ಆಗದು, ಒಂದು ಸೋಂಕು ಹಲವರ ಕಣ್ಣು ಕಳೆದೀತು ಎಂದು ಡಾಕ್ಟರುಗಳು ಖಡಾಖಂಡಿತವಾಗಿ ಹೇಳತೊಡಗಿದರು. 1992ರಲ್ಲಿ ಮಧುರೈನಲ್ಲಿ ಅರೋಲ್ಯಾಬ್ ಶುರುವಾಗಿ ಕಣ್ಣಿನೊಳಗೆ ಕೂರಿಸುವ ಮಸೂರ ಕಡಿಮೆ ಬೆಲೆಗೆ ಸಿಗುವಂತಾಯಿತು. ಈಗ ನಮ್ಮ ಕ್ಲಬ್ಬು ಒಂದು ದಿನ ತಪಾಸಣೆ ಮಾಡಿಸಿ, ಪೊರೆ ಇದ್ದವರನ್ನು ಬಸ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸುತ್ತದೆ. ಒಂದೆರಡು ದಿನದಲ್ಲಿ ಅವರು ವಾಪಸ್. ಇದು ನೂರಕ್ಕೆ ನೂರು ಒಳ್ಳೆಯ ಬದಲಾವಣೆ. ರಾತ್ರಿ ಪಾಳಿ ಹೋಯಿತಲ್ಲ ಎಂದು ನನ್ನ ಓರಗೆಯವರು ಕೊರಗುವುದುಂಟು. ನಮಗೆ ಕೆಲಸ ಸಿಗಲಿ ಎಂದು ಯಾರೂ ಮರಳು ಚೀಲದ ನಡುವೆ ಮಲಗಬೇಕಾಗಿಲ್ಲ.

ಆದರೆ ಪಟ್ಟಿ ಇಟ್ಟು ಬೆನ್ನುಹತ್ತುವ ಆ ರೂಢಿ ಮುಂದೆ ಪೋಲಿಯೋ ಕೆಲಸಕ್ಕೆ ಒದಗಿತು. ರೋಟರಿ 1985ರಲ್ಲೇ ಪೋಲಿಯೋ ಪ್ಲಸ್ ಕಾರ್ಯಕ್ರಮ ಹಮ್ಮಿಕೊಂಡಿತ್ತು. ದೇಶವ್ಯಾಪಿಯಾಗಿ ಮೊದಲ ಪಲ್ಸ್ ಪೋಲಿಯೋ ಸುತ್ತು ನಡೆದದ್ದು 1995ರ ಡಿಸೆಂಬರ್ 9ರಂದು. ಲಸಿಕೆ ತಣ್ಣಗಿರಬೇಕು; ಕರೆಂಟು ಕೈಕೊಟ್ಟಾಗ ಐಸ್ ಕ್ಯಾಂಡಿ ಕಾರ್ಖಾನೆಯವರು ಇಡೀ ರಾತ್ರಿ ಐಸ್ ಪ್ಯಾಕ್ ಗಟ್ಟಿಮಾಡಿ ಕೊಟ್ಟರು. ನಮ್ಮ ಪಾಲಿಗೆ ಬಸ್ ಸ್ಟ್ಯಾಂಡಿನ ಬೂತು. ಬಾಟಲಿಯ ಮೇಲಿನ ಗುರುತಿನ ಬಣ್ಣ ಕಪ್ಪಾಗಿಲ್ಲ ಎಂದು ನರ್ಸಮ್ಮ ಪ್ರತಿ ಸಲ ನೋಡಿಯೇ ಹನಿ ಹಾಕುತ್ತಿದ್ದರು. ಎರಡು ಹನಿ, ಎಡಗೈ ಕಿರುಬೆರಳಿಗೆ ಮಸಿ. ಮರುದಿನ ಮನೆ ಮನೆ ತಿರುಗಿ, ಬೆರಳಿಗೆ ಮಸಿ ಇಲ್ಲದ ಮಕ್ಕಳನ್ನು ಹುಡುಕುವುದು. ಹನಿ ಹಾಕಿಸಿದರೆ ಮುಂದೆ ಮಕ್ಕಳಾಗಲ್ಲವಂತೆ ಎಂಬ ಸುದ್ದಿ ಹಬ್ಬಿ ಕೆಲವು ಮನೆಗಳು ಬಾಗಿಲು ಹಾಕಿಕೊಂಡಾಗ, ಬಟ್ಟೆ ಅಂಗಡಿಯವರು ತಮ್ಮ ಮೊಮ್ಮಗುವನ್ನು ಎತ್ತಿಕೊಂಡು ಹೋಗಿ ಆ ಅಂಗಳದಲ್ಲೇ ಹನಿ ಹಾಕಿಸಿದರು. 2011ರ ಜನವರಿ 13ರಂದು ಹೌರಾದಲ್ಲಿ ಪತ್ತೆಯಾದದ್ದೇ ದೇಶದ ಕೊನೆಯ ವೈಲ್ಡ್ ಪೋಲಿಯೋ ಪ್ರಕರಣ. 2014ರ ಮಾರ್ಚ್ 27ರಂದು ಭಾರತ ಪೋಲಿಯೋ ಮುಕ್ತ ಎಂಬ ಪ್ರಮಾಣಪತ್ರ ಬಂದಾಗ, ಗುರುವಾರದ ಸಭೆಯಲ್ಲಿ ನರ್ಸಮ್ಮನವರನ್ನೂ ಆಶಾ ಕಾರ್ಯಕರ್ತೆಯರನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದೆವು. ಆ ಸಭೆ ನನಗೆ ಬಹಳ ದೊಡ್ಡದು.

ಕ್ಲಬ್ಬಿನ ಒಳಗೂ ಬದಲಾವಣೆಗಳಾದವು. 1989ರವರೆಗೆ ರೋಟರಿಯ ನಿಯಮದಲ್ಲಿ ಹೆಂಗಸರಿಗೆ ಸದಸ್ಯತ್ವವೇ ಇರಲಿಲ್ಲ. ಶಿಬಿರದ ಗಂಜಿ ಬೇಯಿಸಿದವರು, ರೋಗಿಗಳ ತಲೆ ಬಾಚಿದವರು ನಮ್ಮ ಮನೆಯ ಹೆಂಗಸರು. ಸಭೆಯಲ್ಲಿ ಮಾತ್ರ ನಾವು ಗಂಡಸರು. ಅದು ಅನ್ಯಾಯವೇ ಸರಿ. ನಿಯಮ ಬದಲಾಗಿ ಹಲವು ವರ್ಷಗಳಾದ ಮೇಲೆ ನಮ್ಮ ಕ್ಲಬ್ಬಿಗೆ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯೊಬ್ಬರು ಬಂದರು. ನಾವು ಹೆಣ್ಣುಮಕ್ಕಳ ಶೌಚಾಲಯ ಕಟ್ಟಿಸಲು ಹೊರಟಾಗ ಅವರು ಎದ್ದು ಕೇಳಿದ್ದು ಇಷ್ಟು: “ನೀರು ಎಲ್ಲಿಂದ ಬರುತ್ತೆ ಸಾರ್? ತೊಳೆಯುವವರ ಸಂಬಳ ಯಾರು ಕೊಡುತ್ತಾರೆ?” ಆ ವರ್ಷ ಒಂದೇ ಶೌಚಾಲಯ ಕಟ್ಟಿದೆವು. ಆದರೆ ಟ್ಯಾಂಕಿನ ಜೊತೆ, ತೊಳೆಯುವವರ ಸಂಬಳದ ಠೇವಣಿಯ ಜೊತೆ. ಅದು ಇಂದಿಗೂ ಬಳಕೆಯಲ್ಲಿದೆ.

ಹಣದ ದಾರಿ ಪೂರ್ತಿ ಬೇರೆಯಾಯಿತು. ಆಗ ರಸೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ಹತ್ತುವುದು, ಬೇಸಿಗೆಯಲ್ಲಿ ಕಂಪನಿ ನಾಟಕದ ಒಂದು ಸಹಾಯಾರ್ಥ ಆಟ. 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕೆಂಬ ಕಾನೂನು ಜಾರಿಗೆ ಬಂತು. ರೋಟರಿಯ ಗ್ಲೋಬಲ್ ಗ್ರಾಂಟ್ ಬೇಕಾದರೆ ಯೋಜನೆ ಕನಿಷ್ಠ 30,000 ಡಾಲರಿನದಾಗಿರಬೇಕು. ಹೀಗಾಗಿ ಡಯಾಲಿಸಿಸ್ ಯಂತ್ರದಂಥ ದೊಡ್ಡ ಕೊಡುಗೆಗಳು ಸಾಧ್ಯವಾಗಿವೆ. ವಾರಕ್ಕೆ ಎರಡು ಮೂರು ಸಲ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಓಡಾಡುವ ಕುಟುಂಬಕ್ಕೆ ಅದು ಜೀವದಾನ. ಆದರೆ ಯಂತ್ರಕ್ಕೆ ಶುದ್ಧ ನೀರಿನ ಘಟಕ ಬೇಕು, ತರಬೇತಾದ ತಂತ್ರಜ್ಞ ಬೇಕು. ಇವೆರಡಿಲ್ಲದೆ, ಉದ್ಘಾಟನೆಯ ಫಲಕದ ಕೆಳಗೆ ಪ್ಲಾಸ್ಟಿಕ್ ಹೊದ್ದು ನಿಂತ ಯಂತ್ರವನ್ನು ಒಂದು ಊರಲ್ಲಿ ನೋಡಿ ಹೊಟ್ಟೆ ಉರಿದಿತ್ತು.

ಈಗ ಒಂದು ಕಸುಬಿಗೆ ಒಬ್ಬರೆಂಬ ನಿಯಮ ಇಲ್ಲ. ವಾರ ವಾರ ಸೇರಲೇಬೇಕೆಂಬ ಕಟ್ಟೂ 2016ರಲ್ಲಿ ಸಡಿಲವಾಯಿತು. ತಿಂಗಳಿಗೆ ಎರಡು ಸಭೆ ಸಾಕು. ಹೊಸ ಹುಡುಗರು ರಕ್ತ ಬೇಕೆಂದು ವಾಟ್ಸ್‌ಆ್ಯಪ್‌ನಲ್ಲಿ ಹಾಕಿದ ಅರ್ಧ ಗಂಟೆಯಲ್ಲಿ ದಾನಿಯನ್ನು ಹುಡುಕಿಕೊಡುತ್ತಾರೆ. ಅವರ ಚುರುಕು ನಮಗಿರಲಿಲ್ಲ. ಅವರಿಗೆ ನಾನು ದಾಟಿಸಬೇಕೆಂದಿರುವುದು ಆ ಕೆಂಪು ಗುರುತಿನ ಪಟ್ಟಿಯನ್ನು.

ನಿಮ್ಮೂರಲ್ಲೂ ರೋಟರಿಯೋ ಲಯನ್ಸೋ ಇದ್ದೇ ಇರುತ್ತದೆ. ಜುಲೈ ತಿಂಗಳಿಗೆ ಹೊಸ ಪದಾಧಿಕಾರಿಗಳು ಬರುತ್ತಾರೆ. ಆಮೇಲೆ ಒಂದು ಸಭೆಗೆ ಅತಿಥಿಯಾಗಿ ಹೋಗಿ ಕೂತುಕೊಳ್ಳಿ. ಹೋದ ವರ್ಷ ಆಪರೇಷನ್ ಆದವರು ಈಗ ಹೇಗಿದ್ದಾರೆ, ಶಾಲೆಗೆ ಕೊಟ್ಟ ನೀರಿನ ಫಿಲ್ಟರ್ ನಡೆಯುತ್ತಿದೆಯೇ ಎಂದು ಕೇಳಿ. ಪುಸ್ತಕ ತೆಗೆದು ತೋರಿಸುವವರು ಅಲ್ಲಿ ಒಬ್ಬರಿದ್ದರೂ ತಡಮಾಡದೆ ಸೇರಿ, ಅವರ ಜೊತೆ ಕೆಲಸಕ್ಕೆ ನಿಲ್ಲಿ.